ಸಾಂಸ್ಕೃತಿಕ ಪತ್ರಿಕೆಗಳ ಮೈಕಟ್ಟು

ಬಳಕೆಯವರು ದೂರದಿಂದ ನಡೆದು ಬರುತ್ತಿರುವಾಗ ಅವರ ಮುಖ ಸ್ಪಷ್ಟವಾಗಿ ಕಾಣುವ ಮೊದಲೇ ನಡಿಗೆಯ ರೀತಿಯಿಂದ ಇಂಥವರೆಂದು ನಾವು ಗುರುತಿಸುತ್ತೇವೆ. ಪತ್ರಿಕೆಗಳ ವಿಷಯದಲ್ಲಿಯೂ ಈ ಮಾತು ನಿಜ. ವಾಚನಾಲಯದ ಮೇಜಿನ ಮೇಲೆ ಹತ್ತಾರು ಪತ್ರಿಕೆಗಳು ಹರಡಿಕೊಂಡಿದ್ದರೂ, ಹೆಸರನ್ನು ಓದುವುದಕ್ಕೆ ಮುಂಚೆಯೇ ಕೈ ತನಗೆ ಬೇಕಾದುದನ್ನು ಎತ್ತಿಕೊಳ್ಳುತ್ತದೆ. ಈ ಗುರುತು ಲೇಖನಗಳ ಗುಣದಿಂದ ಮಾತ್ರ ಬಂದುದಲ್ಲ. ಲೇಖನಗಳನ್ನು ಓದುವುದಾದರೂ ಆಮೇಲೆ. ಪತ್ರಿಕೆಯ ಅಳತೆ, ಹೆಸರನ್ನು ಬರೆದ ರೀತಿ, ಅಕ್ಷರಗಳ ಗಾತ್ರ, ಸಾಲುಗಳ ನಡುವಣ ಅಂತರ, ಪುಟದ ಸುತ್ತ ಬಿಟ್ಟ ಬಿಳಿಯ ಜಾಗ, ಲೇಖನಗಳ ಅನುಕ್ರಮ ಇವೆಲ್ಲ ಸೇರಿ ಆ ಗುರುತನ್ನು ಉಂಟುಮಾಡುತ್ತವೆ. ಇವುಗಳ ಸಮುದಾಯವನ್ನೇ ನಾನು ಪತ್ರಿಕೆಯ ಮೈಕಟ್ಟು ಎಂದು ಕರೆದಿದ್ದೇನೆ.

ಸಾಂಸ್ಕೃತಿಕ ಪತ್ರಿಕೆ ಎಂದರೆ ಯಾವುದು? ದೊಡ್ಡ ಬಂಡವಾಳದ ಆಸರೆಯಿಲ್ಲದೆ, ಜಾಹೀರಾತಿನ ಆದಾಯವನ್ನು ನೆಚ್ಚಿಕೊಳ್ಳದೆ, ನಾಲ್ಕಾರು ಮಂದಿ ಸಮಾನಮನಸ್ಕರು ಕೂಡಿಕೊಂಡು ಸಾಹಿತ್ಯ, ಕಲೆ, ನಾಟಕ, ಸಂಗೀತ, ವಿಚಾರ ಇವುಗಳಿಗಾಗಿ ನಡೆಸುವ ಪತ್ರಿಕೆ. ಇಂಥ ಪತ್ರಿಕೆಗೆ ಹಣ ಕಡಮೆ, ಓದುಗರು ಕೆಲವರು, ಆಯುಸ್ಸೂ ಅನೇಕ ವೇಳೆ ಅಲ್ಪ. ದೊಡ್ಡ ಪತ್ರಿಕೆಯೊಂದು ಕೆಟ್ಟದಾಗಿ ಅಚ್ಚಾದರೂ ಅದನ್ನು ಕೊಳ್ಳುವವರಿದ್ದಾರೆ. ಅದರ ಬಲ ಬೇರೆ ಕಡೆಯಲ್ಲಿದೆ. ಸಣ್ಣ ಪತ್ರಿಕೆಗೆ ಆ ಸೌಕರ್ಯವಿಲ್ಲ. ಅದನ್ನು ಕೈಗೆತ್ತಿಕೊಂಡವನು ಎರಡು ಪುಟ ತಿರುವಿ ಕೆಳಗಿಟ್ಟುಬಿಟ್ಟನೆಂದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಆದುದರಿಂದ ಮೈಕಟ್ಟಿನ ಪ್ರಶ್ನೆ ಅದಕ್ಕೆ ಅಲಂಕಾರದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ.

ಈ ವಿಷಯವನ್ನು ತಿಳಿಯುವುದಕ್ಕೆ ನಮ್ಮ ಕಾವ್ಯಮೀಮಾಂಸೆಯ ಎರಡು ಮಾತುಗಳು ಸಹಾಯಕವಾಗುತ್ತವೆ. ರಸನಿರೂಪಣೆಯಲ್ಲಿ ಸ್ಥಾಯಿ, ಸಂಚಾರಿ ಎಂದು ಭಾವಗಳನ್ನು ಎರಡು ಬಗೆಯಾಗಿ ಹೇಳುತ್ತಾರೆ. ಸ್ಥಾಯಿಯಾದುದು ಆದ್ಯಂತವಾಗಿ ನಿಂತಿರುತ್ತದೆ. ಸಂಚಾರಿಗಳು ಬಂದು ಹೋಗುತ್ತ ಅದನ್ನು ಪೋಷಿಸುತ್ತವೆ. ಪತ್ರಿಕೆಯಲ್ಲಿಯೂ ಸಂಚಿಕೆಯಿಂದ ಸಂಚಿಕೆಗೆ ಬದಲಾಗದೆ ನಿಲ್ಲುವ ಅಂಶ ಒಂದಿರಬೇಕು, ಪ್ರತಿ ಸಂಚಿಕೆಯಲ್ಲಿಯೂ ಹೊಸದಾಗುವ ಅಂಶವೂ ಒಂದಿರಬೇಕು. ಎಲ್ಲವೂ ಬದಲಾಗುತ್ತಿದ್ದರೆ ಓದುಗನಿಗೆ ಪ್ರತಿಸಲವೂ ಅಪರಿಚಿತನನ್ನು ಭೇಟಿಯಾದಂತಾಗುತ್ತದೆ. ಏನೂ ಬದಲಾಗದಿದ್ದರೆ ಹಳೆಯ ಸಂಚಿಕೆಯೇ ಮತ್ತೆ ಬಂದಿತೆಂದು ಅವನು ಭ್ರಮಿಸುತ್ತಾನೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಸಂಚರಿಸಲು ಬಿಡಬೇಕು ಎಂಬ ನಿರ್ಧಾರದಲ್ಲಿಯೇ ವಿನ್ಯಾಸಕಾರನ ಜಾಣ್ಮೆಯೆಲ್ಲ ಇದೆ ಎಂದರೆ ತಪ್ಪಾಗಲಾರದು.

ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ೧೯೬೧ರಲ್ಲಿ ಕಲ್ಕತ್ತೆಯಲ್ಲಿ ನಿರ್ಮಾಲ್ಯ ಆಚಾರ್ಯ ಮತ್ತು ನಟ ಸೌಮಿತ್ರ ಚಟರ್ಜಿ ಇವರ ಸಂಪಾದಕತ್ವದಲ್ಲಿ 'ಏಕ್ಷಣ' ಎಂಬ ಬಂಗಾಳೀ ಸಾಹಿತ್ಯಪತ್ರಿಕೆ ಆರಂಭವಾಯಿತು. ಬಂಗಾಳಿಗಳ ಬಾಯಲ್ಲಿ ಅದು 'ಎಕ್ಖನ್'. 'ಈಗ, ಈ ಹೊತ್ತಿನಲ್ಲಿ' ಎಂದು ಅದರ ಅರ್ಥ. ಆ ಹೆಸರನ್ನು ಸೂಚಿಸಿದವರು ಸತ್ಯಜಿತ್ ರಾಯ್. ಅನೇಕ ವರ್ಷಗಳ ಕಾಲ ಅದರ ರಕ್ಷಾಪತ್ರವನ್ನು ರಚಿಸಿಕೊಟ್ಟವರೂ ಅವರೇ. ಚಲನಚಿತ್ರ ನಿರ್ದೇಶಕರೆಂದು ಜಗತ್ತು ಅವರನ್ನು ಬಲ್ಲದು. ಆದರೆ ಅವರು ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ ಬೋಸ್ ಮತ್ತು ವಿನೋದ ವಿಹಾರಿ ಮುಖರ್ಜಿಯವರ ಬಳಿ ಕಲಿತು, ೧೯೪೩ರಲ್ಲಿ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದನ್ನು ಸೇರಿ, ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಮುಖಪುಟಗಳನ್ನು ಬರೆದು ಪಳಗಿದ ಕೈಯವರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಮನೆತನದಲ್ಲಿಯೇ ಮುದ್ರಣದ ವಿದ್ಯೆ ಇತ್ತು. ಅವರ ತಾತ ಉಪೇಂದ್ರಕಿಶೋರರು ಚಿತ್ರಗಳನ್ನು ಚುಕ್ಕಿಚುಕ್ಕಿಯಾಗಿ ಅಚ್ಚಿಗಿಳಿಸುವ ಹಾಫ್‌ಟೋನ್ ವಿಧಾನದಲ್ಲಿ ಪರಿಣತರು. ೧೯೧೩ರಲ್ಲಿ ಮಕ್ಕಳಿಗಾಗಿ 'ಸಂದೇಶ' ಎಂಬ ಪತ್ರಿಕೆಯನ್ನು ಹೊರಡಿಸಿದವರು.

'ಏಕ್ಷಣ'ಕ್ಕೆ ರಾಯ್ ಅವರು ಮಾಡಿದ ಏರ್ಪಾಡು ಬಹು ಸರಳವಾದುದು. ಆ ಹೆಸರಿನಲ್ಲಿ ಏ, ಕ್ಷ, ಣ ಎಂಬ ಮೂರೇ ಅಕ್ಷರಗಳು. ಈ ಮೂರನ್ನೇ ಅವರು ಚಿತ್ರವನ್ನಾಗಿ ಮಾಡಿದರು. ಅಕ್ಷರಗಳು ಅವೇ, ಅವುಗಳ ರೂಪ ಮಾತ್ರ ಸಂಚಿಕೆಯಿಂದ ಸಂಚಿಕೆಗೆ ಬೇರೆ ಬೇರೆ. ಬೇರೆ ಪತ್ರಿಕೆಗಳಲ್ಲಿ ಹೆಸರಿನ ರೂಪ ಸ್ಥಿರವಾಗಿರುತ್ತದೆ, ಅದರ ಕೆಳಗಿನ ಚಿತ್ರ ಬದಲಾಗುತ್ತದೆ. ಇಲ್ಲಿ ಹೆಸರೇ ಚಿತ್ರವಾಯಿತು. ಸ್ಥಾಯಿಯಾದುದು ಮೂರು ಅಕ್ಷರಗಳು, ಸಂಚಾರಿಯಾದುದು ಅವುಗಳ ವೇಷ. ಇದಕ್ಕಾಗಿ ಛಾಯಾಚಿತ್ರ ಬೇಕಾಗಿರಲಿಲ್ಲ, ದುಬಾರಿ ಕಾಗದವಾಗಲಿ ಬಹುವರ್ಣದ ಮುದ್ರಣವಾಗಲಿ ಬೇಕಾಗಿರಲಿಲ್ಲ. ಬೇಕಾದುದು ಲಿಪಿಯ ಮೇಲಣ ಪ್ರೀತಿ ಮತ್ತು ಪಳಗಿದ ಕೈ. 'ಈಗ' ಎಂಬ ಹೆಸರಿನ ಪತ್ರಿಕೆ ಪ್ರತಿಸಲವೂ ಹೊಸ 'ಈಗ' ಆಗಿ ಬರುವುದರಲ್ಲಿ ಅರ್ಥಕ್ಕೂ ರೂಪಕ್ಕೂ ಹೊಂದಿಕೆಯಿದೆ ಎಂಬುದನ್ನು ಗಮನಿಸಬೇಕು.

ಸ್ಥಾಯಿಯಾಗುವ ಅಂಶ ಅಕ್ಷರವೇ ಆಗಬೇಕೆಂಬ ನಿಯಮವಿಲ್ಲ. ೧೯೫೯ರಲ್ಲಿ ರಾಜ್ ಥಾಪರ್, ರೊಮೇಶ್ ಥಾಪರ್ ದಂಪತಿಗಳು ಆರಂಭಿಸಿದ 'ಸೆಮಿನಾರ್' ಎಂಬ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಸ್ಥಾಯಿಯಾದುದು ಒಳಗಿನ ರಚನೆ: ಒಂದು ಸಂಚಿಕೆಗೆ ಒಂದೇ ಸಮಸ್ಯೆ, ಅದರ ಮೇಲೆ ಹಲವರ ಬರಹ. ೧೯೮೦ರಲ್ಲಿ ಲಂಡನ್ನಿನಲ್ಲಿ ಟೆರಿ ಜೋನ್ಸ್ ಎಂಬವರು ಆರಂಭಿಸಿದ 'ಐ-ಡಿ' ಪತ್ರಿಕೆಯಲ್ಲಿ ಅದು ಒಂದು ಮುಖಚೇಷ್ಟೆ. ಜೋನ್ಸ್ ಅವರು ಅದಕ್ಕೆ ಹಿಂದೆ ಬ್ರಿಟಿಷ್ 'ವೋಗ್' ಎಂಬ ಶ್ರೀಮಂತ ಪತ್ರಿಕೆಯ ಕಲಾನಿರ್ದೇಶಕರಾಗಿದ್ದವರು. ಅದನ್ನು ಬಿಟ್ಟು ಬಂದು, ಬೆರಳಚ್ಚು ಯಂತ್ರದ ಅಕ್ಷರಗಳಲ್ಲಿ, ಹಾಳೆಗಳನ್ನು ಪಿನ್ನು ಹೊಡೆದು ಜೋಡಿಸಿ, ಬೀದಿಯಲ್ಲಿ ಓಡಾಡುವ ಯುವಜನರ ಉಡುಗೆತೊಡುಗೆಗಳ ಚಿತ್ರಗಳನ್ನು ಅವರು ಪ್ರಕಟಿಸಿದರು. ಆ ಹೆಸರಿನ ಎರಡು ರೋಮನ್ ಅಕ್ಷರಗಳನ್ನು ಅಡ್ಡಲಾಗಿ ತಿರುಗಿಸಿದರೆ ಒಂದು ಕಣ್ಣು ಮಿಟುಕಿಸಿ ನಗುವ ಮುಖದಂತೆ ಕಾಣುತ್ತದೆ. ಇದಕ್ಕೆ ಹೊಂದುವಂತೆ ಮುಖಪುಟದ ವ್ಯಕ್ತಿ ಯಾರೇ ಆಗಿರಲಿ, ಅವರ ಒಂದು ಕಣ್ಣು ಮುಚ್ಚಿರಬೇಕು ಇಲ್ಲವೆ ಮರೆಯಾಗಿರಬೇಕು ಎಂಬ ಕಟ್ಟಳೆ ಬೆಳೆದುಬಂದಿತು. ಖರ್ಚಿಲ್ಲದ ಒಂದು ಕಟ್ಟಳೆ ಪತ್ರಿಕೆಗೆ ಅಳಿಯದ ಗುರುತನ್ನು ತಂದುಕೊಟ್ಟಿತು.

ಮೂರನೆಯ ನಿದರ್ಶನ ಅಮೆರಿಕದ ಕ್ಯಾಲಿಫೋರ್ನಿಯದ್ದು. ೧೯೮೪ರಲ್ಲಿ ರೂಡಿ ವ್ಯಾಂಡರ್‌ಲಾನ್ಸ್ ಎಂಬ ಡಚ್ ವಲಸಿಗ ತನ್ನ ಸಂಗಡಿಗರೊಡನೆ 'ಎಮಿಗ್ರೆ', ಅಂದರೆ 'ವಲಸೆಗಾರ', ಎಂಬ ಪತ್ರಿಕೆಯನ್ನು ಆರಂಭಿಸಿದ. ಅದೇ ವರ್ಷ ಮೆಕಿಂತಾಶ್ ಗಣಕಯಂತ್ರ ಮಾರುಕಟ್ಟೆಗೆ ಬಂದಿತ್ತು. ಅದರ ತೆರೆಯ ಮೇಲೆ ಒಂದಂಗುಲಕ್ಕೆ ೭೨ ಚುಕ್ಕಿಗಳು ಮಾತ್ರ. ಅಕ್ಷರದ ಬಾಗುಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದುವು. ಇಂಥ ಯಂತ್ರ ಅಚ್ಚಿನ ಕೆಲಸಕ್ಕೆ ಒದಗದೆಂದು ಅನೇಕ ವೃತ್ತಿವಂತರು ತಿರಸ್ಕರಿಸಿದರು. ರೂಡಿಯ ಪತ್ನಿ ಜುಜಾನಾ ಲಿಚ್ಕೊ ಹಾಗೆ ಮಾಡಲಿಲ್ಲ. ಹಳೆಯ ಅಚ್ಚುಮೊಳೆಗಳನ್ನು ಕೆಟ್ಟದಾಗಿ ಅನುಕರಿಸುವ ಬದಲು, ಆ ಚುಕ್ಕಿಗಳಿಗೆ ಸಹಜವಾಗಿ ಒಪ್ಪುವ ಹೊಸ ಅಕ್ಷರಗಳನ್ನೇ ಆಕೆ ರಚಿಸಿದಳು. ಯಂತ್ರದ ಬಡತನವೇ ಪತ್ರಿಕೆಯ ಮುಖಲಕ್ಷಣವಾಯಿತು. ೨೦೦೫ರಲ್ಲಿ ೬೯ನೆಯ ಸಂಚಿಕೆಯೊಡನೆ ಪತ್ರಿಕೆ ನಿಂತಿತಾದರೂ, ಅದರಿಂದ ಹುಟ್ಟಿದ ಅಕ್ಷರಗಳು ಲೋಕದಲ್ಲಿ ಹರಡಿದುವು. ಅನುಕೂಲವಿಲ್ಲದವನು ಅನುಕೂಲವಂತನಂತೆ ನಟಿಸಿದರೆ ಕೊರತೆ ಎದ್ದು ಕಾಣುತ್ತದೆ; ತನ್ನ ಮಿತಿಯನ್ನೇ ಒಪ್ಪಿ ದುಡಿಸಿಕೊಂಡರೆ ಅದೇ ಗುಣವಾಗುತ್ತದೆ ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಈಗ ನಮ್ಮ ಲಿಪಿಯ ಕಡೆಗೆ ತಿರುಗೋಣ. ಮೇಲಿನ ನಿದರ್ಶನಗಳಿಂದ ತತ್ತ್ವವನ್ನು ತೆಗೆದುಕೊಳ್ಳಬಹುದೇ ಹೊರತು ರೂಪವನ್ನು ತೆಗೆದುಕೊಳ್ಳಲಾಗದು. ಏಕೆಂದರೆ ಪ್ರತಿಯೊಂದು ಲಿಪಿಗೂ ತನ್ನದೇ ಆದ ಅಂಗಸೌಷ್ಠವವಿದೆ. 'ಏಕ್ಷಣ'ದಲ್ಲಿರುವ 'ಕ್ಷ'ವನ್ನೇ ನೋಡಿರಿ. ಬಂಗಾಳಿಯಲ್ಲಿ ಅದು ಎರಡು ವ್ಯಂಜನಗಳು ಬೆರೆತು ಒಂದೇ ಆಕಾರವಾಗಿ, ಮೇಲುಗೆರೆಗೆ ತೂಗುಹಾಕಿದಂತೆ ನಿಂತಿದೆ. ಗೋಪಾಲಕೃಷ್ಣ ಅಡಿಗರು ಸಂಪಾದಿಸುತ್ತಿದ್ದ 'ಸಾಕ್ಷಿ'ಯ ಹೆಸರಿನಲ್ಲಿಯೂ ಅದೇ ಸಂಯುಕ್ತಾಕ್ಷರವಿದೆ. ಆದರೆ ಕನ್ನಡದಲ್ಲಿ ಷಕಾರ ಒತ್ತಾಗಿ ಕೆಳಗಿಳಿಯುತ್ತದೆ, ಗುಣಿತದ ಗುಡಿಸು ಮೇಲೇರುತ್ತದೆ. ಎರಡೇ ಅಕ್ಷರದ ಹೆಸರು ಮೂರು ಅಂತಸ್ತುಗಳಲ್ಲಿ ವಾಸಿಸುತ್ತದೆ! ಆದುದರಿಂದ ಕನ್ನಡ ಶೀರ್ಷಿಕೆಯ ಕೆಳಗೆ ಸಾಕಷ್ಟು ಜಾಗ ಬಿಡದೆ ಗೆರೆಯನ್ನೋ ಚಿತ್ರವನ್ನೋ ಒತ್ತಿ ಇಟ್ಟರೆ ಒತ್ತಕ್ಷರದ ಉಸಿರು ಕಟ್ಟುತ್ತದೆ. ಶೀರ್ಷಿಕೆಗೆ ಅಡಿಗೆರೆ ಎಳೆಯುವ ಅಭ್ಯಾಸವಂತೂ ಇಂಗ್ಲಿಷಿನಿಂದ ಬಂದುದು. ಕನ್ನಡದಲ್ಲಿ ಆ ಗೆರೆ ಒತ್ತುಗಳನ್ನು ನಡುವೆ ಕೊಯ್ದುಕೊಂಡು ಹೋಗುತ್ತದೆ.

ಇದೇ ಕಾರಣದಿಂದ ಸಾಲುಗಳ ನಡುವಣ ಅಂತರವೂ ಕನ್ನಡಕ್ಕೆ ಹೆಚ್ಚಾಗಿ ಬೇಕು. ರೋಮನ್ ಅಕ್ಷರಗಳಲ್ಲಿ ೧೦ ಪಾಯಿಂಟಿನ ಗಾತ್ರಕ್ಕೆ ೧೨ ಪಾಯಿಂಟಿನ ಸಾಲು ಸಾಕಾದೀತು. ಕನ್ನಡದಲ್ಲಿ 'ರಾಷ್ಟ್ರ', 'ಸ್ತ್ರೀ', 'ವೈಶಿಷ್ಟ್ಯ' ಮೊದಲಾದ ಪದಗಳು ಒಂದರ ಕೆಳಗೊಂದು ಎರಡು ಒತ್ತುಗಳನ್ನು ಹೊರುತ್ತವೆ. ಅವು ಕೆಳಸಾಲಿನ ತಲೆಕಟ್ಟನ್ನೂ ಗುಡಿಸನ್ನೂ ತಾಗಬಾರದು. ಅಕ್ಷರದ ಗಾತ್ರದ ಒಂದೂವರೆಯಷ್ಟು ಅಂತರವನ್ನು ಇಟ್ಟುಕೊಂಡರೆ, ಅಂದರೆ ೧೧ ಪಾಯಿಂಟಿಗೆ ೧೬ ಅಥವಾ ೧೭ರ ಸಾಲು ಇಟ್ಟರೆ, ಪುಟ ಓದುವುದಕ್ಕೆ ಹಿತವಾಗುತ್ತದೆ. ಪುಟಗಳು ಹೆಚ್ಚಾಗುತ್ತವೆಂದು ಈ ಅಂತರವನ್ನು ಕತ್ತರಿಸುವುದು ಉಳಿತಾಯವಲ್ಲ. ಓದದೆ ಉಳಿದ ಪುಟವೇ ಎಲ್ಲಕ್ಕಿಂತ ದುಬಾರಿಯಾದ ಪುಟ.

ಇನ್ನು ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಇಂಗ್ಲಿಷಿನವರು ಶೀರ್ಷಿಕೆಯನ್ನು ದೊಡ್ಡಕ್ಷರಗಳಲ್ಲಿಯೂ ಪುಸ್ತಕಗಳ ಹೆಸರನ್ನು ವಾಲಿದ ಅಕ್ಷರಗಳಲ್ಲಿಯೂ ಕೊಟ್ಟು ಮೇಲು ಕೀಳುಗಳನ್ನು ತೋರಿಸುತ್ತಾರೆ. ನಮ್ಮ ದುಂಡಾದ ಅಕ್ಷರಗಳನ್ನು ಗಣಕಯಂತ್ರ ಬಲವಂತವಾಗಿ ವಾಲಿಸಿದರೆ ಅವು ಗಾಳಿಗೆ ಸಿಕ್ಕ ಮಡಕೆಗಳಂತೆ ಕಾಣುತ್ತವೆ. ದಪ್ಪ ಅಕ್ಷರವನ್ನು ಸಣ್ಣ ಗಾತ್ರದಲ್ಲಿ ಬಳಸಿದರೆ 'ಣ', 'ಘ', 'ಖ'ಗಳ ಒಳಗಿನ ಬಿಳುಪು ಮಸಿಯಿಂದ ತುಂಬಿಹೋಗುತ್ತದೆ. ಹಾಗಾದರೆ ನಮಗುಳಿದ ಸಾಧನಗಳು ಯಾವುವು? ಗಾತ್ರ ಮತ್ತು ಬಿಳಿಯ ಜಾಗ. ಶೀರ್ಷಿಕೆಗೆ ಒಂದು ಗಾತ್ರ, ಲೇಖಕರ ಹೆಸರಿಗೆ ಒಂದು, ಮೈಬರಹಕ್ಕೆ ಒಂದು. ಈ ಮೂರನ್ನು ನಿರ್ಧರಿಸಿಕೊಂಡು ಇಡೀ ಸಂಚಿಕೆಗೆ ಅದನ್ನೇ ಪಾಲಿಸಿದರೆ ಸಾಕು. ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ ಮೊದಲಾದ ಯೂನಿಕೋಡ್ ಅಕ್ಷರಗಳು ಇಂದು ಹಣ ತೆರದೆ ದೊರೆಯುತ್ತವೆ. ಪುಟ ಜೋಡಿಸುವುದಕ್ಕೆ ಸ್ಕ್ರೈಬಸ್ ಎಂಬ ತಂತ್ರಾಂಶವೂ ಉಚಿತವಾಗಿಯೇ ಇದೆ. ಸೌಲಭ್ಯ ಹೆಚ್ಚಾದುದರಿಂದಲೇ ಅಪಾಯವೂ ಹೆಚ್ಚು. ಒಂದೇ ಪುಟದಲ್ಲಿ ಐದು ಬಗೆಯ ಅಕ್ಷರಗಳನ್ನು ಕಂಡರೆ ಜಾತ್ರೆಯಲ್ಲಿ ಐದು ವಾದ್ಯಗಳನ್ನು ಒಮ್ಮೆಗೇ ಕೇಳಿದಂತಾಗುತ್ತದೆ.

ಕನ್ನಡದ ಪದಗಳು ಉದ್ದವಾದುವು. 'ಹೇಳಬೇಕಾಗಿರುವುದರಿಂದ' ಎಂಬುದು ನಮಗೆ ಒಂದೇ ಪದ. ಇಂಥ ಪದಗಳನ್ನು ಕಿರಿದಾದ ಅಂಕಣಕ್ಕೆ ತುರುಕಿ, ಎರಡು ಅಂಚುಗಳೂ ಸಮನಾಗಿರಲೆಂದು ಯಂತ್ರಕ್ಕೆ ಅಪ್ಪಣೆ ಮಾಡಿದರೆ, ಅದು ಪದಗಳ ನಡುವೆ ಹಳ್ಳಗಳನ್ನು ತೋಡುತ್ತದೆ. ಒಂದು ಸಾಲಿನಲ್ಲಿ ಮೂರು ಪದ, ಮುಂದಿನದರಲ್ಲಿ ಎರಡೇ ಪದ! ಇದಕ್ಕೆ ಎರಡು ಪರಿಹಾರಗಳಿವೆ. ಸಾಲಿಗೆ ಏಳೆಂಟು ಪದಗಳಾದರೂ ಹಿಡಿಯುವಷ್ಟು ಅಗಲದ ಒಂದೇ ಅಂಕಣವನ್ನು ಇಡುವುದು ಒಂದು. ಎಡದಂಚನ್ನು ಮಾತ್ರ ಸಮಮಾಡಿ ಬಲದಂಚನ್ನು ಏರಿಳಿತಕ್ಕೆ ಬಿಡುವುದು ಇನ್ನೊಂದು. ಎರಡೂ ತಪ್ಪಲ್ಲ. ಯಾವುದನ್ನು ಆರಿಸಿದರೂ ಸಂಚಿಕೆಯ ಕೊನೆಯವರೆಗೆ ಅದನ್ನು ಬಿಡಬಾರದು.

ವಿನ್ಯಾಸವೆಂಬುದು ಈಚಿನ ಗಣಕಯಂತ್ರದ ಕೊಡುಗೆಯೆಂದು ಭಾವಿಸಬಾರದು. ೧೮೪೩ರಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆಯ ಮೈಕಟ್ಟನ್ನು ಕೈಬರಹವೇ ನಿರ್ಧರಿಸಿತು. ಕಾಲೇಜಿನವರಾದ ನಾವು ನೆನೆಯಬೇಕಾದ ಇನ್ನೊಂದು ಹೆಸರು 'ಪ್ರಬುದ್ಧ ಕರ್ನಾಟಕ'. ೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅದು ಹೊರಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಕನ್ನಡದ ವಿದ್ವತ್ತಿಗೆ ವೇದಿಕೆಯಾಯಿತು. ಕಾಲೇಜಿನ ಒಂದು ಸಂಘ ಹೊರಡಿಸುವ ಪತ್ರಿಕೆ ನಾಡಿನ ಪತ್ರಿಕೆಯಾಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಹೀಗಿರುವಲ್ಲಿ, ಕಾಲೇಜುಗಳ ವಾರ್ಷಿಕ ಸಂಚಿಕೆಗಳು ಸಾಮಾನ್ಯವಾಗಿ ಹೇಗೆ ಸಿದ್ಧವಾಗುತ್ತವೆ? ಮೊದಲ ಹತ್ತಿಪ್ಪತ್ತು ಪುಟಗಳಲ್ಲಿ ನುಣುಪಾದ ಕಾಗದದ ಮೇಲೆ ಸಮಿತಿಗಳ, ಸಮಾರಂಭಗಳ, ಹಾರತುರಾಯಿಗಳ ಬಣ್ಣದ ಚಿತ್ರಗಳು. ಅನಂತರ ಸಂದೇಶಗಳು. ಅವೆಲ್ಲ ಮುಗಿದ ಮೇಲೆ, ತೆಳುವಾದ ಕಾಗದದಲ್ಲಿ, ಇಕ್ಕಟ್ಟಾದ ಸಾಲುಗಳಲ್ಲಿ ವಿದ್ಯಾರ್ಥಿಗಳ ಬರಹ. ಕವಿತೆಗಳ ಪಾಡಂತೂ ಹೇಳತೀರದು. ಪ್ರಬಂಧ ಮುಗಿದು ಪುಟದ ಕೆಳಗೆ ನಾಲ್ಕಂಗುಲ ಉಳಿದರೆ ಅಲ್ಲಿಗೆ ಒಂದು ಕವಿತೆ! ಅದೂ ಹಿಡಿಯದಿದ್ದರೆ ಎರಡು ಸಾಲನ್ನು ಒಂದಾಗಿ ಕೂಡಿಸಿದರಾಯಿತು. ಬಿ. ಎ. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಹೆಸರನ್ನು ಅಚ್ಚಿನಲ್ಲಿ ಕಾಣುವುದು ಅದೇ ಮೊದಲ ಸಲವಾಗಿರಬಹುದು. ಅನೇಕರಿಗೆ ಅದೇ ಕೊನೆಯ ಸಲವೂ ಆಗಬಹುದು. ಅವಳ ಕವಿತೆಯನ್ನು ಪುಟದ ಸಂದು ತುಂಬುವ ಜಲ್ಲಿಯಂತೆ ಬಳಸಿದ ಮೇಲೆ, ನಿನ್ನ ಮಾತಿಗೆ ಬೆಲೆಯಿದೆ ಎಂದು ಸಂಪಾದಕೀಯದಲ್ಲಿ ಬರೆದರೆ ಅವಳು ನಂಬುವಳೇ? ಯಾರ ಮಾತಿಗೆ ಎಷ್ಟು ಜಾಗ ಕೊಡುತ್ತೇವೆಂಬುದರಲ್ಲಿ ನಾವು ಯಾರನ್ನು ಎಷ್ಟು ಗೌರವಿಸುತ್ತೇವೆಂಬುದು ತಾನಾಗಿಯೇ ಪ್ರಕಟವಾಗುತ್ತದೆ.

ಸಾರವಿದ್ದರೆ ಸಾಲದೆ, ಮೈಕಟ್ಟಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಬರಹ ಟೊಳ್ಳಾಗಿದ್ದರೆ ಯಾವ ವಿನ್ಯಾಸವೂ ಅದನ್ನು ಉಳಿಸಲಾರದು. ಆದರೆ ವಿನ್ಯಾಸವೆಂದರೆ ಸಿಂಗಾರವೆಂಬ ತಪ್ಪು ಕಲ್ಪನೆಯಿಂದ ಈ ಪ್ರಶ್ನೆ ಹುಟ್ಟಿದೆ. ಒಳ್ಳೆಯ ವಿನ್ಯಾಸ ಅನೇಕ ವೇಳೆ ತೆಗೆದುಹಾಕುವ ಕೆಲಸ: ಬಳ್ಳಿಯ ಅಂಚುಗಳು, ನೆರಳು ಬಿಟ್ಟ ಅಕ್ಷರಗಳು, ಬರಹದ ಹಿಂದೆ ಮಸುಕಾಗಿ ಇಟ್ಟ ಗುಲಾಬಿಯ ಚಿತ್ರ ಇವನ್ನೆಲ್ಲ ಕಳೆದು, ಓದುಗನ ಕಣ್ಣಿಗೂ ಬರೆದವನ ಮಾತಿಗೂ ನಡುವಣ ಅಡ್ಡಿಯನ್ನು ನಿವಾರಿಸುವುದೇ ಅದರ ಉದ್ದೇಶ.

ಆದುದರಿಂದ ಮುಂದಿನ ಸಂಪಾದಕ ಮಂಡಲಿಯವರಲ್ಲಿ ಕೆಲವು ಸೂಚನೆಗಳನ್ನು ಮುಂದಿಡುತ್ತೇನೆ. ಮೊದಲನೆಯದಾಗಿ, ಅಳತೆಯನ್ನು ಡೆಮಿ ಅಷ್ಟಪತ್ರಕ್ಕೆ ಇಳಿಸಬಹುದು. ಅದರ ಕಿರಿದಾದ ಪುಟಕ್ಕೆ ಒಂದೇ ಅಂಕಣ ಒಪ್ಪುತ್ತದೆ. ಇಂದು ಸಂಚಿಕೆಯನ್ನು ಅನೇಕರು ಮೊಬೈಲಿನಲ್ಲಿಯೇ ಓದುವುದರಿಂದ, ಎರಡಂಕಣದ ದೊಡ್ಡ ಪುಟವನ್ನು ಬೆರಳಿನಿಂದ ಅತ್ತಿತ್ತ ಎಳೆದಾಡುವ ಕಷ್ಟವೂ ತಪ್ಪುತ್ತದೆ. ಎರಡನೆಯದಾಗಿ, ಹದಿನಾರು ಪುಟಗಳ ಫಾರಂ ಲೆಕ್ಕದಲ್ಲಿ ಮೊದಲೇ ಪುಟಗಳನ್ನು ಎಣಿಸಿಕೊಂಡು, ಖಾಲಿ ಹಾಳೆಗಳನ್ನು ಮಡಿಸಿ ಹೊಲಿದು, ಯಾವ ಬರಹ ಎಲ್ಲಿ ಬರುವುದೆಂದು ಪೆನ್ಸಿಲಿನಿಂದ ಗುರುತುಮಾಡಿದ ಒಂದು ಮಾದರಿಯನ್ನು ಸಿದ್ಧಪಡಿಸಬೇಕು. ಮುದ್ರಣಾಲಯಕ್ಕೆ ಹೋಗುವ ಮುಂಚೆ ಅರ್ಧ ತಪ್ಪುಗಳು ಅದರಲ್ಲಿಯೇ ಬಯಲಾಗುತ್ತವೆ. ಮೂರನೆಯದಾಗಿ, ಪ್ರತಿಯೊಂದು ಕವಿತೆಗೂ ತನ್ನದೇ ಪುಟವಿರಲಿ. ಅದು ಎಂಟೇ ಸಾಲಿನದಾದರೂ ಸರಿ. ಚಿತ್ರಗಳು ಬೇಡವೆನ್ನುವುದಿಲ್ಲ, ಅವು ಸಂಚಿಕೆಯ ಕೊನೆಯಲ್ಲಿ ವರದಿಗಳೊಡನೆ ಬರಲಿ. ಕಡೆಯದಾಗಿ, ಹೆಸರಿನ ಅಕ್ಷರರೂಪವನ್ನು ನಮ್ಮಲ್ಲಿಯೇ ಒಳ್ಳೆಯ ಕೈಬರಹವಿರುವ ವಿದ್ಯಾರ್ಥಿಯೊಬ್ಬನಿಂದ ಬರೆಯಿಸಿ, ಹತ್ತು ವರ್ಷವಾದರೂ ಅದನ್ನು ಬದಲಿಸದಿರಲಿ. ಬಣ್ಣವನ್ನು ಮಾತ್ರ ವರ್ಷವರ್ಷವೂ ಬದಲಿಸಲಿ. ಇದೇ ನಮ್ಮ ಸ್ಥಾಯಿ, ಇದೇ ನಮ್ಮ ಸಂಚಾರಿ.

ಇದರಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗುವುದಿಲ್ಲ. ಬಣ್ಣದ ಪುಟಗಳು ಕಡಮೆಯಾಗುವುದರಿಂದ ಸ್ವಲ್ಪ ಉಳಿಯಲೂಬಹುದು. ಬೇಕಾದುದು, ಡಿಸೆಂಬರಿನಲ್ಲಿಯೇ ನಾಲ್ಕು ಮಂದಿ ಒಂದೆಡೆ ಕುಳಿತು ಈ ಪ್ರಶ್ನೆಗಳನ್ನು ತೀರ್ಮಾನಿಸುವ ವ್ಯವಧಾನ. ನಮ್ಮ ಅಧ್ಯಾಪಕವರ್ಗದವರು ಇದಕ್ಕೆ ಅವಕಾಶಮಾಡಿಕೊಟ್ಟು ಮಾರ್ಗದರ್ಶನ ನೀಡುವರೆಂದೂ, ವಿದ್ಯಾರ್ಥಿಮಿತ್ರರು ಉತ್ಸಾಹದಿಂದ ಮುಂದೆ ಬರುವರೆಂದೂ ಆಶಿಸುತ್ತೇನೆ.